ನಾಸ್ ಪೆಟ್ಟಿಗೆ ಮಾತಾಡುತ್ತಿಲ್ಲ, ಡಿಸ್ಕ್ ‘ಇನಿಷಿಯಲೈಸ್’ ಆಗಿದೆ: ಹಳೆಯ ಫೋಟೋಗಳು ಸಿಗುತ್ತವೆಯೇ?

ಪ್ರಶ್ನೆ: ಹಾಸನದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. 2011ರಲ್ಲಿ ಎರಡು ಹಾರ್ಡ್‌ಡಿಸ್ಕ್ ಹಿಡಿಸುವ ನೆಟ್‌ವರ್ಕ್ ಸ್ಟೋರೇಜ್ (ನಾಸ್) ಪೆಟ್ಟಿಗೆ ಕೊಂಡಿದ್ದೆವು. ತಲಾ 2 ಟಿಬಿ. ಒಂದು ಹೋದರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ ಎಂದು ಹೇಳಿ ಅಂಗಡಿಯವರೇ ಜೋಡಿಸಿಕೊಟ್ಟಿದ್ದರು. 2019ರಿಂದ ಅದನ್ನು ಬಳಸಿಲ್ಲ. ಮೊನ್ನೆ ಆನ್ ಮಾಡಿದರೆ ದೀಪ ಮಿನುಗುತ್ತದೆ, ಆದರೆ ವಿಂಡೋಸ್ 11 ಕಂಪ್ಯೂಟರಿನಲ್ಲಿ ಪೆಟ್ಟಿಗೆ ಕಾಣಿಸುವುದಿಲ್ಲ. ಡಿಸ್ಕ್‌ಗಳನ್ನು ಬಿಚ್ಚಿ ಯುಎಸ್‌ಬಿ ಡಾಕ್‌ಗೆ ಹಾಕಿದೆ. ಒಂದು ಡಿಸ್ಕ್ ‘ಇನಿಷಿಯಲೈಸ್ ಮಾಡಬೇಕು’ ಎಂದಿತು, ಓಕೆ ಒತ್ತಿಬಿಟ್ಟೆ. ಆಮೇಲೆ ಹೊಸ ವಾಲ್ಯೂಮ್, ಫಾರ್ಮ್ಯಾಟ್ ಎಂದೆಲ್ಲ ಬಂದಾಗ ಭಯವಾಗಿ ನಿಲ್ಲಿಸಿದೆ. ಇನ್ನೊಂದು ಡಿಸ್ಕ್ ಟಕ್ ಟಕ್ ಎನ್ನುತ್ತದೆ. ಅಪ್ಪ ತೆಗೆದ ನೆಗೆಟಿವ್‌ಗಳ ಸ್ಕ್ಯಾನ್, ಗಿರಾಕಿಗಳ ಮದುವೆ ಆಲ್ಬಮ್, ನುಡಿಯಲ್ಲಿ ಟೈಪ್ ಮಾಡಿಟ್ಟ ದಾಖಲೆ ಎಲ್ಲ ಅದರಲ್ಲೇ ಇವೆ. ಅದೇ ಥರದ ಹೊಸ ಪೆಟ್ಟಿಗೆ ಕೊಂಡು ಈ ಡಿಸ್ಕ್‌ಗಳನ್ನು ಹಾಕಿದರೆ ಎಲ್ಲ ವಾಪಸ್ ಬರುತ್ತದೆಯೇ?

ಉತ್ತರ: ಫಾರ್ಮ್ಯಾಟ್ ಒತ್ತುವ ಮೊದಲು ನಿಲ್ಲಿಸಿದಿರಲ್ಲ, ಅದರಿಂದಲೇ ನಿಮ್ಮ ಫೋಟೋಗಳು ಉಳಿದಿರುವ ಸಾಧ್ಯತೆ ತುಂಬಾ ಹೆಚ್ಚು. ಈಗ ಎರಡೂ ಡಿಸ್ಕ್‌ಗಳ ಕರೆಂಟ್ ತೆಗೆದು ಪಕ್ಕಕ್ಕಿಡಿ. ಹೊಸ ಪೆಟ್ಟಿಗೆ ಕೊಳ್ಳಬೇಡಿ. ಕೊಂಡಾಗಿದ್ದರೆ ಈ ಡಿಸ್ಕ್‌ಗಳನ್ನು ಅದಕ್ಕೆ ಹಾಕಬೇಡಿ. ಹಳೆಯ ಪೆಟ್ಟಿಗೆಗೂ ಮರಳಿ ಹಾಕಬೇಡಿ, ಎಸೆಯಲೂಬೇಡಿ. ನನ್ನ ಕೈಗೆ ಬರುವ ಇಂಥ ಡಿಸ್ಕ್‌ಗಳಲ್ಲಿ ಮೊದಲ ಏಟಿಗೆ ಹೋದ ಫೈಲ್‌ಗಳಿಗಿಂತ, ಉಳಿಸಲು ಹೋಗಿ ಮಾಡಿದ ಎರಡನೇ, ಮೂರನೇ ಪ್ರಯತ್ನದಲ್ಲಿ ಹೋದವೇ ಹೆಚ್ಚು. ಮೂಲ ಡಿಸ್ಕ್ ಮೇಲೆ ಇನ್ನು ಒಂದೇ ಒಂದು ಬೈಟ್ ಕೂಡ ಬರೆಯಬಾರದು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

‘ಇನಿಷಿಯಲೈಸ್’ ಒತ್ತಿದಾಗ ಆದದ್ದಿಷ್ಟು. ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಪಟ್ಟಿಯೊಂದು ಡಿಸ್ಕಿನ ಆರಂಭದಲ್ಲಿರುತ್ತದೆ. ವಿಂಡೋಸ್ ಅದರ ಮೇಲೆ ಹೊಸ ಖಾಲಿ ಪಟ್ಟಿ ಬರೆಯಿತು. ಈ ಪಟ್ಟಿಗೆ ಎಂಬಿಆರ್ (ಹಳೆಯದು), ಜಿಪಿಟಿ (ಹೊಸದು) ಎಂಬ ಎರಡು ನಮೂನೆಗಳಿವೆ. ಎಂಬಿಆರ್ ಆಯ್ದಿದ್ದರೆ ಹೋದದ್ದು ಮೊಟ್ಟಮೊದಲ 512 ಬೈಟ್ ಮಾತ್ರ. ಜಿಪಿಟಿ ಆಯ್ದಿದ್ದರೆ ಆರಂಭದ 34 ಸೆಕ್ಟರ್ (ತಲಾ 512 ಬೈಟಿನ ತುಣುಕು), ಕೊನೆಯ 33 ಸೆಕ್ಟರ್. ಎಲ್ಲ ಸೇರಿ ಸುಮಾರು 34 ಕೆಬಿ. ಹೊಲದ ಬಾಂದುಕಲ್ಲು ಕಿತ್ತಂತಾಗಿದೆ; ಗಡಿ ಮತ್ತೆ ಅಳೆಯಬೇಕು, ಬೆಳೆ ನಿಂತಲ್ಲೇ ಇದೆ. ಅದೂ ಅಲ್ಲದೆ ನಾಸ್ ಪೆಟ್ಟಿಗೆಗಳು ಡಿಸ್ಕಿನ ಮುಂಭಾಗದಲ್ಲಿ ನಿಮ್ಮ ಫೈಲ್‌ಗಳನ್ನು ಇಡುವುದು ಕಡಿಮೆ. ಮೊದಲು ಅವುಗಳದೇ ಕಾರ್ಯವ್ಯವಸ್ಥೆ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಇರುತ್ತವೆ. ಆ ಕಾಲದ ಸಿನಾಲಜಿ ಕಂಪನಿಯ ಪೆಟ್ಟಿಗೆಗಳಲ್ಲಿ ಮೊದಲ 2.4 ಜಿಬಿ ವ್ಯವಸ್ಥೆಗೆ, ಮುಂದಿನ 2 ಜಿಬಿ ಸ್ವಾಪ್‌ಗೆ. ಡೇಟಾ ಶುರುವಾಗುವುದು ಅದರಾಚೆ. ವಿಂಡೋಸ್ ಬರೆದ 34 ಕೆಬಿ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಫಾರ್ಮ್ಯಾಟ್ ಆಗಿದ್ದರೆ ಕತೆ ಬೇರೆ. ಕ್ವಿಕ್ ಫಾರ್ಮ್ಯಾಟ್ ಆದರೂ ವಿಂಡೋಸ್ ತನ್ನ ಸೂಚಿಯನ್ನು ಡಿಸ್ಕಿನ ಒಳಭಾಗದಲ್ಲಿ ಬರೆಯುತ್ತದೆ. ‘ಕ್ವಿಕ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರಂತೂ ವಿಸ್ಟಾ ಬಂದಾಗಿನಿಂದ ಇಡೀ ವಿಭಾಗಕ್ಕೆ ಸೊನ್ನೆ ತುಂಬುತ್ತದೆ. ಹಾಗಾದ ಮೇಲೆ ಯಾವ ಲ್ಯಾಬಿನವರಿಂದಲೂ ಏನೂ ಸಿಗದು.

ಇನ್ನು ‘ನೆಟ್‌ವರ್ಕಿನಲ್ಲಿ ಕಾಣಿಸುವುದಿಲ್ಲ’ ಎಂಬ ಮಾತು. ಇಂಥದೇ ಪೆಟ್ಟಿಗೆ ಇಟ್ಟುಕೊಂಡಿರುವ ಬೇರೆಯವರೂ ಓದುತ್ತಿರುತ್ತಾರೆ, ಅವರಿಗಾಗಿ ಹೇಳಬೇಕು. 2010ರ ಆಸುಪಾಸಿನ ಬಹಳಷ್ಟು ನಾಸ್‌ಗಳಿಗೆ ಫೈಲ್ ಹಂಚುವ ಹಳೆಯ ಭಾಷೆ ಎಸ್‌ಎಂಬಿ 1 ಮಾತ್ರ ಗೊತ್ತು. ಸುರಕ್ಷತೆಯ ಕಾರಣಕ್ಕೆ ಮೈಕ್ರೋಸಾಫ್ಟ್ 2017ರ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನು ತಾನಾಗಿ ಹಾಕಿಕೊಡುವುದನ್ನು ಬಿಟ್ಟಿತು. 2024ರ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೂ ಬಿಗಿಯಾಗಿದೆ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶಕ್ಕೂ ಅಡ್ಡ ಬರುತ್ತದೆ. ಎಂದರೆ ಪೆಟ್ಟಿಗೆ ಚೆನ್ನಾಗಿಯೇ ಇದ್ದು, ಹೊಸ ಕಂಪ್ಯೂಟರ್ ಅದರೊಂದಿಗೆ ಮಾತಾಡಲು ಒಪ್ಪದೆ ಇರಬಹುದು. ಪೆಟ್ಟಿಗೆ ಕಾಣಲಿಲ್ಲವೆಂದು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ರೌಟರಿನ ಪುಟಕ್ಕೆ ಹೋಗಿ, ಜೋಡಣೆಯಾದ ಸಾಧನಗಳ ಪಟ್ಟಿಯಲ್ಲಿ ಅದರ ಐಪಿ ವಿಳಾಸ ಇದೆಯೇ ನೋಡಿ. ಇದ್ದರೆ ಹಳೆಯ ವಿಂಡೋಸ್ 7 ಲ್ಯಾಪ್‌ಟಾಪ್‌ನಿಂದಲೋ ಎಫ್‌ಟಿಪಿ ಎಂಬ ಫೈಲ್ ಸಾಗಿಸುವ ಇನ್ನೊಂದು ದಾರಿಯಿಂದಲೋ ಫೈಲ್‌ಗಳನ್ನು ನೇರವಾಗಿ ಇಳಿಸಿಕೊಳ್ಳಬಹುದು. ಅಡಾಪ್ಟರನ್ನೂ ಪರೀಕ್ಷಿಸಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ 12 ವೋಲ್ಟಿನ ಅಡಾಪ್ಟರ್ ಖಾಲಿ ಇದ್ದಾಗ ಸರಿಯಾದ ವೋಲ್ಟೇಜ್ ತೋರಿಸಿ, ಎರಡು ಡಿಸ್ಕ್ ತಿರುಗಿಸುವ ಹೊರೆ ಬಿದ್ದೊಡನೆ ಕುಸಿಯುವುದು ಸಾಮಾನ್ಯ. ಡಿಸ್ಕ್ ತಿರುಗಲು ಹೋಗಿ ನಿಂತು ಮತ್ತೆ ತಿರುಗಲು ಹೋಗುವ ಸದ್ದು ಬರುತ್ತಿದ್ದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ ಇರಲಿ. ಬದಲಿಸುವುದಾದರೆ ಪಿನ್ ಹೊಂದಿತೆಂದು ಯಾವುದನ್ನೋ ಚುಚ್ಚಬೇಡಿ. ಕೆಲವು ಪೆಟ್ಟಿಗೆಗಳಿಗೆ ಒಂದೇ ಪ್ಲಗ್‌ನಲ್ಲಿ 5 ವೋಲ್ಟ್, 12 ವೋಲ್ಟ್ ಎರಡೂ ಹೋಗುತ್ತವೆ.

ಹೀಗೆ ಪರೀಕ್ಷಿಸುವಾಗ ಪೆಟ್ಟಿಗೆಗೆ ಇಂಟರ್ನೆಟ್ ಸಿಗದಂತೆ ನೋಡಿಕೊಳ್ಳಿ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳಿಗೆ 2015ರಿಂದೀಚೆಗೆ ಅಪ್‌ಡೇಟ್ ಬಂದಿರಲಿಲ್ಲ. 2021ರ ಜೂನ್‌ನಲ್ಲಿ ಅವುಗಳಲ್ಲಿದ್ದ ದೋಷ ಬಳಸಿ ಯಾರೋ ಹೊರಗಿನಿಂದ ಫ್ಯಾಕ್ಟರಿ ರಿಸೆಟ್ ಆಜ್ಞೆ ಕೊಟ್ಟರು. ಲೋಕದಾದ್ಯಂತ ಜನ ಬೆಳಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳಿಗೆ ನುಗ್ಗಿದ ಕ್ಯೂಲಾಕರ್ ಎಂಬ ಸುಲಿಗೆ ತಂತ್ರಾಂಶ ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿದ ಸೆವೆನ್‌ಜಿಪ್ ಕಟ್ಟುಗಳಾಗಿಸಿ ಹಣ ಕೇಳಿತು. ಹಳೆಯ ಪೆಟ್ಟಿಗೆಯನ್ನು ಇಂಟರ್ನೆಟ್ ಇರುವ ರೌಟರಿಗೆ ಜೋಡಿಸುವುದು ಇಂಥ ಅಪಾಯವನ್ನು ಮನೆಗೆ ಕರೆಯುವುದೇ ಸರಿ.

ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಪೆಟ್ಟಿಗೆ ಬದುಕಿರಬಹುದು, ಆದರೂ ಇನ್ನು ಅದರ ಸಹವಾಸ ಬೇಡ. ಪಟ್ಟಿ ಕಳೆದುಕೊಂಡ ಡಿಸ್ಕ್ ಕಂಡರೆ ಅದು ‘ಹೊಸ ಡಿಸ್ಕ್ ಬಂತು’ ಎಂದುಕೊಂಡು ತಾನೇ ಸಿದ್ಧಪಡಿಸಲು ಹೊರಡಬಹುದು. ಹೊಸ ಪೆಟ್ಟಿಗೆಯದೂ ಅದೇ ಪಾಡು. ಒಂದೇ ಕಂಪನಿಯ ಹಳೆ ಮಾದರಿಯಿಂದ ಹೊಸ ಮಾದರಿಗೆ ಡಿಸ್ಕ್ ವರ್ಗಾಯಿಸಲು ಕೆಲವರು ಅನುಕೂಲ ಮಾಡಿಕೊಟ್ಟಿದ್ದಾರೆ ನಿಜ. ಆದರೆ ಅದು ಆರೋಗ್ಯವಾಗಿರುವ ಎರಡು ಡಿಸ್ಕ್‌ಗಳಿಗೆ ಮಾಡಿದ ಅನುಕೂಲ.

ಸದ್ದು ಮಾಡುವ ಡಿಸ್ಕ್ ಬಗ್ಗೆ ನನ್ನದು ಒಂದೇ ಮಾತು: ಅದಕ್ಕೆ ಮತ್ತೆ ಕರೆಂಟ್ ಕೊಡಬೇಡಿ. ಟಕ್ ಟಕ್ ಎಂದರೆ ಓದುವ ಹೆಡ್ ತನ್ನ ಜಾಗ ಹುಡುಕಲಾಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುತ್ತಿದೆ. ಹೆಡ್ ಜಖಂ ಆಗಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯ ಮೇಲ್ಮೈ ಕೆರೆದು ಹೋಗಬಹುದು, ಕೆರೆದ ಜಾಗದ ಡೇಟಾ ಯಾರಿಗೂ ಸಿಗದು. ಫ್ರೀಜರಿನಲ್ಲಿಡುವ ಸಲಹೆ ಇಂದಿಗೂ ಹರಿದಾಡುತ್ತಿದೆ. ಒಳಗೆ ತೇವ ಕೂತು ಇದ್ದದ್ದೂ ಹಾಳಾಗುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತೆಗೆದು ಹಾಕುವುದೂ ಈಗ ನಡೆಯದು. ಪ್ರತಿ ಡಿಸ್ಕಿಗೂ ಅದರದೇ ಹೊಂದಾಣಿಕೆಯ ಮಾಹಿತಿ ಬೋರ್ಡಿನ ಒಂದು ಪುಟ್ಟ ಚಿಪ್‌ನಲ್ಲಿರುತ್ತದೆ. ಅದನ್ನೂ ವರ್ಗಾಯಿಸದೆ ಬೋರ್ಡ್ ಬದಲಿಸಿ ಪ್ರಯೋಜನವಿಲ್ಲ. ಈ ಡಿಸ್ಕ್ ಬೇಕೇ ಬೇಡವೇ ಎಂಬುದನ್ನು ಸದ್ದಿಲ್ಲದ ಡಿಸ್ಕ್ ಹೇಳುತ್ತದೆ.

ಸದ್ದಿಲ್ಲದ ಡಿಸ್ಕಿನ ಪೂರ್ತಿ ನಕಲು ತೆಗೆಯುವುದು ಮೊದಲ ಕೆಲಸ. ಇದಕ್ಕೆ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್, ಒಂದು ಹೊಸ 4 ಟಿಬಿ ಡಿಸ್ಕ್, ಒಂದು ಪೆನ್‌ಡ್ರೈವ್ ಸಾಕು. ಪೆನ್‌ಡ್ರೈವ್‌ಗೆ ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ಲಿನಕ್ಸ್ ಹಾಕಿ ಅದರಿಂದಲೇ ಕಂಪ್ಯೂಟರ್ ಶುರುಮಾಡಿ; ಬೇಕಾದ ಸಾಧನಗಳೆಲ್ಲ ಅದರಲ್ಲೇ ಇವೆ. ಹಳೆಯ ಡಿಸ್ಕನ್ನು ಡಾಕ್ ಬಿಟ್ಟು ನೇರವಾಗಿ ಕಂಪ್ಯೂಟರಿನೊಳಗಿನ ಸಾಟಾ ಕೇಬಲ್‌ಗೆ ಜೋಡಿಸಿ. ಡಾಕ್‌ಗಳಲ್ಲಿ ಎರಡು ತೊಂದರೆ. ಒಂದು, ಕೆಟ್ಟ ಸೆಕ್ಟರ್ ಸಿಕ್ಕಾಗ ಡಾಕ್‌ನ ಚಿಪ್ ಹೆಪ್ಪುಗಟ್ಟಿ ಇಡೀ ಡಿಸ್ಕ್ ಮಾಯವಾಗುತ್ತದೆ. ಎರಡು, ಕೆಲವು ಡಾಕ್‌ಗಳು 512 ಬೈಟ್ ಸೆಕ್ಟರನ್ನು 4096 ಬೈಟ್ ಎಂದು ತೋರಿಸುತ್ತವೆ. ಆಗ ಅಳತೆಯೇ ತಪ್ಪಿ ಇರುವ ವಿಭಾಗ ಪಟ್ಟಿಯೂ ಇಲ್ಲದಂತೆ ಕಾಣುತ್ತದೆ. ಲಿನಕ್ಸ್ ಡಿಸ್ಕ್‌ಗೆ ಪಟ್ಟಿ ಸರಿಯಾಗಿದ್ದರೆ ವಿಂಡೋಸ್ ಸಾಮಾನ್ಯವಾಗಿ ‘ಇನಿಷಿಯಲೈಸ್’ ಕೇಳುವುದಿಲ್ಲ. ನಿಮಗೆ ಕೇಳಿದ್ದು ನೋಡಿದರೆ ನನಗೆ ಡಾಕ್ ಮೇಲೋ ಡಿಸ್ಕಿನ ಮೊದಲ ಸೆಕ್ಟರ್ ಮೇಲೋ ಅನುಮಾನ.

ನಕಲಿಗೆ ಮೊದಲು ಸ್ಮಾರ್ಟ್ ವರದಿ, ಎಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ, ನೋಡಿ. ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆ ಅದನ್ನು ತೋರಿಸುತ್ತದೆ. 5, 197, 198ನೇ ಸಾಲುಗಳನ್ನು ಗಮನಿಸಿ: ಬದಲಿಸಲಾದ ಸೆಕ್ಟರ್, ಓದಲಾಗದೆ ಬಾಕಿಯಿರುವ ಸೆಕ್ಟರ್, ಸರಿಪಡಿಸಲಾಗದ ಸೆಕ್ಟರ್. ಮೂರೂ ಸೊನ್ನೆಯಿದ್ದರೆ ನಿರಾಳ. 197ರಲ್ಲಿ ನೂರಾರು ಇದ್ದರೆ, ಜೊತೆಗೆ ಡಿಸ್ಕ್ ಸದ್ದು ಬದಲಿಸುತ್ತಿದ್ದರೆ, ಮನೆಯಲ್ಲಿ ಮುಂದುವರಿಯದೆ ಲ್ಯಾಬಿಗೆ ಕೊಡುವುದು ಲೇಸು.

ನಕಲಿಗೆ ಗ್ನೂ ಡಿಡಿರೆಸ್ಕ್ಯೂ ಬಳಸಿ. ಇದರಷ್ಟು ಸಮಾಧಾನದಿಂದ ಕೆಲಸ ಮಾಡುವ ಉಚಿತ ಸಾಧನ ಇನ್ನೊಂದಿಲ್ಲ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಸಿಗುವುದನ್ನೆಲ್ಲ ಎತ್ತಿಕೊಂಡು, ತೊಡಕಿನ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ; ಆ ಜಾಗಗಳಿಗೆ ಮರಳುವುದು ಎಲ್ಲ ಮುಗಿದ ಮೇಲೆ. ಡಿಸ್ಕ್ ನಡುವೆಯೇ ಸತ್ತರೂ ಬಹುಪಾಲು ಡೇಟಾ ಅಷ್ಟರಲ್ಲಿ ಕೈಯಲ್ಲಿರುತ್ತದೆ. ಎಲ್ಲಿಯವರೆಗೆ ಬಂತು ಎಂಬುದನ್ನು ಮ್ಯಾಪ್‌ಫೈಲ್‌ನಲ್ಲಿ ಬರೆದಿಡುತ್ತದೆ. ಕರೆಂಟ್ ಹೋಗಿ ಬಂದರೆ ಅಲ್ಲಿಂದಲೇ ಮುಂದುವರಿಯಬಹುದು, ಆದ್ದರಿಂದ ಮ್ಯಾಪ್‌ಫೈಲ್ ಹೆಸರು ಕೊಡುವುದನ್ನು ಮರೆಯಬೇಡಿ. ಅದನ್ನು ಹೊಸ ಡಿಸ್ಕ್ ಮೇಲೆಯೇ ಇಡಿ. ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್‌ನಲ್ಲಿ ಇಟ್ಟರೆ ಮರುಚಾಲನೆಗೆ ಅಳಿದುಹೋಗುತ್ತದೆ. ಆಜ್ಞೆಯಲ್ಲಿ ಮೂಲ ಡಿಸ್ಕ್ ಮೊದಲು, ನಕಲು ಆಮೇಲೆ. ಇದು ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ನಿಮ್ಮ ಫೋಟೋಗಳ ಮೇಲೆ ಕೂರುತ್ತದೆ. ಎಂಟರ್ ಒತ್ತುವ ಮೊದಲು ಪರದೆಯಲ್ಲಿರುವ ಸೀರಿಯಲ್ ನಂಬರನ್ನು ಡಿಸ್ಕ್ ಮೇಲಿನ ಚೀಟಿಯೊಂದಿಗೆ ಹೋಲಿಸಿ, ಇನ್ನೊಬ್ಬರ ಕೈಯಲ್ಲೂ ಓದಿಸಿ. ಒಳ್ಳೆಯ ಡಿಸ್ಕ್ ಸೆಕೆಂಡಿಗೆ ಸರಾಸರಿ 100 ಎಂಬಿ ಓದಿದರೆ 2 ಟಿಬಿಗೆ ಐದೂವರೆ ಗಂಟೆ. ಹಳೆಯ ಯುಎಸ್‌ಬಿ 2 ಡಾಕ್‌ನಲ್ಲಿ ಅದೇ ಕೆಲಸಕ್ಕೆ ಹದಿನೆಂಟು ಗಂಟೆಯ ಮೇಲಾಗುತ್ತದೆ. ಯುಪಿಎಸ್ ಇದ್ದರೆ ಅದಕ್ಕೇ ಜೋಡಿಸಿ.

ನಕಲು ಮುಗಿದ ಮೇಲೆ ಮೂಲ ಡಿಸ್ಕ್ ಕಳಚಿ ಕಪಾಟಿನಲ್ಲಿಡಿ. ಇನ್ನು ಕೆಲಸವೆಲ್ಲ ನಕಲಿನ ಮೇಲೆ.

ಈಗ ಗಡಿ ಅಳೆಯುವ ಕೆಲಸ. ನೀವು ಎಂಬಿಆರ್ ಆಯ್ದಿದ್ದು, ಪೆಟ್ಟಿಗೆ ಮೊದಲು ಜಿಪಿಟಿ ಬಳಸಿದ್ದರೆ, ಹಳೆಯ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಹಾಗೇ ಇರುತ್ತದೆ. ಜಿಡಿಸ್ಕ್ ಅದರಿಂದ ಪಟ್ಟಿಯನ್ನು ಮರಳಿ ಕಟ್ಟುತ್ತದೆ. ಇಲ್ಲದಿದ್ದರೆ ಟೆಸ್ಟ್‌ಡಿಸ್ಕ್ ಇಡೀ ನಕಲನ್ನು ಜಾಲಾಡಿ ವಿಭಾಗಗಳು ಎಲ್ಲಿ ಶುರುವಾಗಿದ್ದವು ಎಂದು ಹುಡುಕಿಕೊಡುತ್ತದೆ.

ವಿಭಾಗ ಸಿಕ್ಕಿದ ಮೇಲೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುವ ಜಾಗ ಬರುತ್ತದೆ. ಮನೆ, ಅಂಗಡಿಗಳಲ್ಲಿ ಬಳಸುವ ನಾಸ್ ಪೆಟ್ಟಿಗೆಗಳಲ್ಲಿ ಬಹುಪಾಲು ಒಳಗೆ ಲಿನಕ್ಸ್ ಕಂಪ್ಯೂಟರುಗಳೇ. ಸಿನಾಲಜಿ, ಕ್ಯೂನ್ಯಾಪ್, ಡಿ-ಲಿಂಕ್, ಬಫಲೋ ಯಾವುದೇ ಹೆಸರಿರಲಿ, ಡಿಸ್ಕ್ ಜೋಡಿಸುವುದು ಲಿನಕ್ಸಿನ ಎಂಡಿ ರೈಡ್, ಎಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಏರ್ಪಾಡು. ಅದು ಪ್ರತಿ ವಿಭಾಗದಲ್ಲೂ ತನ್ನದೊಂದು ಚಿಕ್ಕ ದಾಖಲೆ ಬರೆದಿಟ್ಟಿರುತ್ತದೆ. ಹಳೆಯ 0.90 ನಮೂನೆಯಾದರೆ ವಿಭಾಗದ ಕೊನೆಯಲ್ಲಿ, 1.2 ನಮೂನೆಯಾದರೆ ಆರಂಭದಿಂದ 4 ಕೆಬಿ ದಾಟಿದಲ್ಲಿ. ಎಂಡಿಎಡಿಎಂ ಸಾಧನಕ್ಕೆ ‘ಎಕ್ಸಾಮಿನ್’ ಎಂದು ಹೇಳಿದರೆ ಆ ದಾಖಲೆಯನ್ನು ಓದಿ ತೋರಿಸುತ್ತದೆ, ಏನನ್ನೂ ಬರೆಯುವುದಿಲ್ಲ.

ಅದರಲ್ಲಿ ನಾಲ್ಕು ಸಾಲು ನೋಡಬೇಕು. ‘ರೈಡ್ ಲೆವೆಲ್’ ಎದುರು ರೈಡ್ 1 ಎಂದಿದ್ದರೆ ಅಂಗಡಿಯವರು ಹೇಳಿದ್ದು ನಿಜ, ಒಂದು ಡಿಸ್ಕ್ ಸಾಕು. ರೈಡ್ 0 ಅಥವಾ ಲೀನಿಯರ್ ಎಂದಿದ್ದರೆ ಎರಡನ್ನೂ ಸೇರಿಸಿ ಒಂದೇ ದೊಡ್ಡ ಜಾಗ ಮಾಡಿದ್ದಾರೆ, ಸದ್ದು ಮಾಡುವ ಡಿಸ್ಕ್ ಇಲ್ಲದೆ ಪೂರ್ತಿ ಸಿಗದು. ಹಿಂದೆ ಕಂಪ್ಯೂಟರಿನಲ್ಲಿ ಒಟ್ಟು ಜಾಗ 1.8 ಟಿಬಿ ತೋರಿಸುತ್ತಿತ್ತೋ 3.6 ತೋರಿಸುತ್ತಿತ್ತೋ ನೆನಪಿದ್ದರೆ ಈಗಲೇ ಗೊತ್ತಾಗುತ್ತದೆ, 1.8 ಆದರೆ ಒಂದರ ಪ್ರತಿ ಇನ್ನೊಂದು.

ಎರಡನೆಯದು ‘ಅಪ್‌ಡೇಟ್ ಟೈಮ್’. ಈ ಡಿಸ್ಕ್ ಕೊನೆಯ ಬಾರಿ ಜೋಡಿಯ ಭಾಗವಾಗಿ ಕೆಲಸ ಮಾಡಿದ ದಿನಾಂಕ ಅದು. ನೀವು ಪೆಟ್ಟಿಗೆ ನಿಲ್ಲಿಸಿದ್ದು 2019ರಲ್ಲಿ. ಅಲ್ಲಿ 2019 ಅಥವಾ ಮೊನ್ನೆ ಆನ್ ಮಾಡಿದ ದಿನ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 2015 ಎಂದಿದ್ದರೆ? ಈ ಡಿಸ್ಕ್ 2015ರಲ್ಲೇ ಜೋಡಿಯಿಂದ ಕಳಚಿಕೊಂಡಿತ್ತು ಎಂದರ್ಥ. ಪೆಟ್ಟಿಗೆ ಉಳಿದ ನಾಲ್ಕು ವರ್ಷವೂ ಒಂದೇ ಡಿಸ್ಕ್ ಮೇಲೆ ನಡೆಯಿತು, ಅದೇ ಈಗ ಟಕ್ ಟಕ್ ಎನ್ನುತ್ತಿದೆ. ಇಂಥದ್ದು ಅಪರೂಪವೆಂದುಕೊಳ್ಳಬೇಡಿ. ಒಂದು ಡಿಸ್ಕ್ ಬಿದ್ದಾಗ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತುತ್ತದೆ, ಇಮೇಲ್ ಹೊಂದಿಸಿದ್ದರೆ ಸಂದೇಶ ಬರುತ್ತದೆ. ಆದರೆ ಫೈಲ್‌ಗಳು ಎಂದಿನಂತೆ ತೆರೆಯುತ್ತವಾದ್ದರಿಂದ ಯಾರೂ ಅತ್ತ ತಿರುಗಿಯೂ ನೋಡುವುದಿಲ್ಲ. ಎರಡು ಡಿಸ್ಕ್ ಇವೆ ಎಂಬ ಧೈರ್ಯದಲ್ಲಿ ವರ್ಷಗಟ್ಟಲೆ ಒಂದರ ಮೇಲೇ ಬದುಕಿದ ಸ್ಟುಡಿಯೋ, ಆಸ್ಪತ್ರೆ, ಲೆಕ್ಕಪತ್ರದ ಕಚೇರಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಹೊತ್ತಿನಲ್ಲಿ ಅವರ ಮುಖ ನೋಡುವುದು ಈ ವೃತ್ತಿಯಲ್ಲಿ ನನಗೆ ಅತಿ ಕಷ್ಟದ ಕೆಲಸ.

ಮೂರನೆಯದು ‘ಇವೆಂಟ್ಸ್’ ಸಂಖ್ಯೆ. ಜೋಡಿಯಲ್ಲಿ ಬದಲಾವಣೆಯಾದಂತೆಲ್ಲ ಇದು ಏರುತ್ತದೆ. ಎರಡು ಡಿಸ್ಕ್‌ಗಳಲ್ಲಿ ಯಾವುದರಲ್ಲಿ ದೊಡ್ಡದಿದೆಯೋ ಅದು ಹೊಸದು. ನಾಲ್ಕನೆಯದು ‘ಅರೇ ಸ್ಟೇಟ್’. ಇಂಗ್ಲಿಷಿನ ಎ ಅಕ್ಷರ ಎರಡಿದ್ದರೆ ಈ ದಾಖಲೆ ಬರೆದಾಗ ಎರಡೂ ಡಿಸ್ಕ್ ಕೂಡಿ ಇದ್ದವು. ಒಂದು ಎ, ಒಂದು ಚುಕ್ಕೆ ಇದ್ದರೆ ಇನ್ನೊಂದು ಆಗಲೇ ಹೊರಬಿದ್ದಿತ್ತು. ಎಂದರೆ ನಿಮ್ಮ ಸದ್ದಿಲ್ಲದ ಡಿಸ್ಕಿನಲ್ಲಿ 2019ರ ದಿನಾಂಕ, ಎ ಮತ್ತು ಚುಕ್ಕೆ ಇದ್ದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ: ಹೊರಬಿದ್ದದ್ದು ಸದ್ದಿನ ಡಿಸ್ಕ್, ಬೇಕಾದದ್ದೆಲ್ಲ ಇಲ್ಲೇ ಇದೆ. ದಿನಾಂಕ ಹಳೆಯದು, ಎರಡೂ ಎ ಇದ್ದರೆ ಹೊರಬಿದ್ದದ್ದು ಇದೇ. ಹೊರಬಿದ್ದ ಡಿಸ್ಕಿಗೆ ತಾನು ಹೊರಬಿದ್ದ ಸುದ್ದಿ ಬರೆದುಕೊಳ್ಳಲು ಆಗುವುದಿಲ್ಲ. ಹಳೆಯ 0.90 ನಮೂನೆಯಲ್ಲಿ ಎ ಅಕ್ಷರಗಳ ಬದಲು ಡಿಸ್ಕ್‌ಗಳ ಚಿಕ್ಕ ಕೋಷ್ಟಕ ಬರುತ್ತದೆ. ಅದರಲ್ಲಿ ‘ರಿಮೂವ್ಡ್’ ಎಂಬ ಸಾಲು ಇದೆಯೇ ನೋಡಿ.

ಎರಡು ಡಿಸ್ಕ್‌ಗಳನ್ನೂ ಪೆಟ್ಟಿಗೆಗೆ ಮರಳಿ ಹಾಕಬೇಡಿ ಎಂದು ನಾನು ಹಟ ಹಿಡಿದದ್ದು ಇದಕ್ಕೇ. ಯಾವುದು ಹೊಸದು ಎಂದು ತಿಳಿಯದೆ ರಿಬಿಲ್ಡ್ (ಜೋಡಿಯನ್ನು ಮತ್ತೆ ಕಟ್ಟುವುದು) ಒತ್ತಿದರೆ 2015ರ ಡಿಸ್ಕ್ 2019ರದರ ಮೇಲೆ ನಕಲಾಗಿಬಿಡಬಹುದು, ನಾಲ್ಕು ವರ್ಷದ ಮದುವೆಗಳು ಅಳಿಸಿಹೋಗುತ್ತವೆ.

ಹಾಗೆಯೇ ಎಂಡಿಎಡಿಎಂನಲ್ಲಿ ‘ಕ್ರಿಯೇಟ್’ ಎಂಬ ಆಜ್ಞೆಯ ಹತ್ತಿರ ಹೋಗಬೇಡಿ. ಅದು ಹಳೆಯ ದಾಖಲೆಯನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಡೇಟಾ ಎಲ್ಲಿಂದ ಶುರು ಎಂಬ ಲೆಕ್ಕ ಸಾಧನದ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ ಕೂಡಿಸಿದ್ದು ತಪ್ಪು ಜಾಗದಲ್ಲಿ ಕೂರುತ್ತದೆ. ಬೇಕಿರುವುದು ‘ಅಸೆಂಬಲ್’, ಅದೂ ಓದಲು ಮಾತ್ರ ಎಂಬ ಸೂಚನೆಯೊಂದಿಗೆ. ನಾಲ್ಕು ಡಿಸ್ಕಿನ ರೈಡ್ 5 ಪೆಟ್ಟಿಗೆ ಇರುವವರಿಗೆ ಈ ಎಚ್ಚರ ಇನ್ನೂ ಮುಖ್ಯ. ಬಿಚ್ಚುವ ಮೊದಲು ಯಾವ ಡಿಸ್ಕ್ ಯಾವ ಕಿಂಡಿಯಲ್ಲಿತ್ತು ಎಂದು ಪೆನ್ನಿನಲ್ಲಿ ಬರೆಯಿರಿ.

ರೈಡ್ ಕೂಡಿದ ಮೇಲೆ ಕೆಲವು ಪೆಟ್ಟಿಗೆಗಳಲ್ಲಿ ನಡುವೆ ಜಾಗ ಹಂಚುವ ಎಲ್‌ವಿಎಂ ಪದರ ಇರುತ್ತದೆ, ಅದನ್ನೂ ಎಬ್ಬಿಸಬೇಕು. ಆಮೇಲೆ ಮೌಂಟ್, ಎಂದರೆ ಫೋಲ್ಡರುಗಳು ಕಾಣುವಂತೆ ತೆರೆಯುವುದು. ಕಡತವ್ಯವಸ್ಥೆ ಎಕ್ಸ್‌ಟಿ3, ಎಕ್ಸ್‌ಟಿ4 ಆದರೆ ‘ನೋಲೋಡ್’, ಎಕ್ಸ್‌ಎಫ್‌ಎಸ್ ಆದರೆ ‘ನೋರಿಕವರಿ’ ಎಂಬ ಆಯ್ಕೆ ಸೇರಿಸಿ. ಓದಲು ಮಾತ್ರ ಎಂದರೂ ಜರ್ನಲ್‌ನಲ್ಲಿ (ಬದಲಾವಣೆಗಳ ದಿನಚರಿಯಲ್ಲಿ) ಬಾಕಿಯಿದ್ದುದನ್ನು ಲಿನಕ್ಸ್ ಡಿಸ್ಕಿಗೆ ಬರೆಯಲು ನೋಡುತ್ತದೆ. ಅಷ್ಟಾದರೆ ಫೋಲ್ಡರುಗಳು ಹೆಸರಿನ ಸಮೇತ ಕಣ್ಣಮುಂದೆ ಬರುತ್ತವೆ. ಲಿನಕ್ಸ್ ಆಜ್ಞೆಗಳು ಕೈಗೆ ಒಗ್ಗದವರು ವಿಂಡೋಸಿನಲ್ಲೇ ಆರ್-ಸ್ಟುಡಿಯೋ, ಯುಎಫ್‌ಎಸ್ ಎಕ್ಸ್‌ಪ್ಲೋರರ್‌ಗಳಿಗೆ ನಕಲಿನ ಫೈಲನ್ನು ತೋರಿಸಬಹುದು. ದುಡ್ಡು ಕೊಡುವ ಮೊದಲೇ ಏನೇನು ಸಿಗುತ್ತದೆಂದು ತೋರಿಸುತ್ತವೆ.

ಇಲ್ಲಿ ಜನ ಎಡವುವ ಒಂದು ಜಾಗವಿದೆ. ಮೈ ಬುಕ್ ಲೈವ್ ಪೆಟ್ಟಿಗೆಗಳು ಎಕ್ಸ್‌ಟಿ4 ಅನ್ನು 64 ಕೆಬಿ ಬ್ಲಾಕ್‌ನೊಂದಿಗೆ (ಡೇಟಾ ಇಡುವ ತುಣುಕಿನ ಅಳತೆ) ಬಳಸಿದ್ದವು. ನೆಟ್‌ಗೇರ್‌ನ ಹಳೆಯ ರೆಡಿನಾಸ್‌ಗಳಲ್ಲಿ 16 ಕೆಬಿ. ಸಾಮಾನ್ಯ ಪಿಸಿಯ ಲಿನಕ್ಸ್ ಬಹುಕಾಲ 4 ಕೆಬಿಗಿಂತ ದೊಡ್ಡ ಬ್ಲಾಕ್ ಇರುವ ಎಕ್ಸ್‌ಟಿ ಕಡತವ್ಯವಸ್ಥೆಯನ್ನು ಮೌಂಟ್ ಮಾಡುತ್ತಲೇ ಇರಲಿಲ್ಲ. ‘ಸೂಪರ್‌ಬ್ಲಾಕ್ ಕೆಟ್ಟಿದೆ’ ಎಂಬಂಥ ಸಂದೇಶ ಬರುತ್ತದೆ, ನೋಡಿದವರು ಹೆದರಿ ಎಫ್‌ಎಸ್‌ಸಿಕೆ ಓಡಿಸಿ ದುರಸ್ತಿಗೆ ಇಳಿಯುತ್ತಾರೆ. ಕೆಟ್ಟಿದ್ದು ಏನೂ ಇರುವುದಿಲ್ಲ. ಡಿಬಗ್‌ಎಫ್‌ಎಸ್ ಸಾಧನ ಮೌಂಟ್ ಮಾಡದೆಯೇ ಇಡೀ ಫೋಲ್ಡರನ್ನು ಹೊರಗೆ ಎತ್ತಿಕೊಡುತ್ತದೆ.

ಫೋಲ್ಡರುಗಳು ಕಂಡ ಮೇಲೆ ಕಳೆದುಹೋದದ್ದೆಂದುಕೊಂಡ ಬೇರೆ ಫೈಲ್‌ಗಳಿಗೂ ಒಮ್ಮೆ ಹುಡುಕಿ. ಸಿನಾಲಜಿಯಲ್ಲಿ ‘ರಿಸೈಕಲ್’ ಎಂಬ ಹೆಸರಿನ ಮುಂದೆ ಹ್ಯಾಷ್ ಗುರುತು, ಕ್ಯೂನ್ಯಾಪ್‌ನಲ್ಲಿ ಅಟ್ ಗುರುತು ಇರುವ ಫೋಲ್ಡರ್ ಇರುತ್ತದೆ. ನೆಟ್‌ವರ್ಕಿನಿಂದ ಅಳಿಸಿದ್ದು ಎಷ್ಟೋ ಸಲ ಅಲ್ಲೇ ಬಿದ್ದಿರುತ್ತದೆ. ಸಿನಾಲಜಿ ಫೋಟೋಗಳಿಗೆ ಮಾಡಿಟ್ಟ ಚಿಕ್ಕ ಪ್ರತಿಗಳು ಅಟ್ ಗುರುತಿನಿಂದ ಶುರುವಾಗುವ ‘ಇಎ-ಡಿರ್’ ಫೋಲ್ಡರುಗಳಲ್ಲಿರುತ್ತವೆ. ಮೂಲ ಚಿತ್ರ ಕೆಟ್ಟಿದ್ದರೂ ಪರದೆಯಲ್ಲಿ ನೋಡಲು ಸಾಲುವಷ್ಟು ದೊಡ್ಡ ಪ್ರತಿ ಅಲ್ಲಿಂದ ಸಿಕ್ಕಿದ ಉದಾಹರಣೆಗಳಿವೆ.

ಯಾವ ರೀತಿಯಲ್ಲೂ ಫೋಲ್ಡರ್ ತೆರೆಯದಿದ್ದರೆ ಕೊನೆಗೆ ಫೋಟೋರೆಕ್. ಅದು ಹೆಸರು, ಫೋಲ್ಡರ್ ಯಾವುದನ್ನೂ ನೋಡದೆ ಜೆಪೆಗ್, ಪಿಡಿಎಫ್‌ಗಳ ಆರಂಭದ ಗುರುತು ಹುಡುಕಿ ಎತ್ತುತ್ತದೆ. ಸಿಗುತ್ತವೆ, ಆದರೆ ಹೆಸರಿಲ್ಲದ ಸಾವಿರಾರು ಫೈಲ್‌ಗಳ ರಾಶಿಯಾಗಿ. ಕ್ಯಾಮೆರಾದಿಂದ ಬಂದ ಚಿತ್ರಗಳಲ್ಲಿ ತೆಗೆದ ದಿನಾಂಕ ಒಳಗೇ ಇರುವುದರಿಂದ ಎಕ್ಸಿಫ್‌ಟೂಲ್‌ನಿಂದ ವರ್ಷ, ತಿಂಗಳಿನಂತೆ ಬೇರ್ಪಡಿಸಬಹುದು. ನಿಮ್ಮಲ್ಲಿ ಬುಕಿಂಗ್ ಡೈರಿ ಇದ್ದರೆ ಯಾವ ಮದುವೆ ಯಾವುದೆಂದು ಹೊಂದಿಸಬಹುದು. ಅಪ್ಪನ ನೆಗೆಟಿವ್ ಸ್ಕ್ಯಾನ್‌ಗಳಿಗೆ ಆ ಆಸರೆಯೂ ಇಲ್ಲ. ಅವನ್ನು ಮನೆಯ ಹಿರಿಯರ ಜೊತೆ ಕೂತು ಗುರುತಿಸಬೇಕಾದೀತು. ಅದಕ್ಕೇ ಫೋಟೋರೆಕ್‌ನಿಂದ ಶುರು ಮಾಡಬೇಡಿ ಎನ್ನುವುದು.

ನುಡಿಯ ದಾಖಲೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಸಿಕ್ಕಿದ ಮೇಲೂ ಕಳೆದುಹೋಗುವ ಫೈಲ್‌ಗಳಿವು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರಗಳ ಮೇಲೆ ಕೆಳಗೆ ಚುಕ್ಕೆ, ಗೆರೆ, ನಡುವೆ ಹಣದ ಚಿಹ್ನೆಗಳು. ಒಂದಕ್ಷರ ಕನ್ನಡ ಇರುವುದಿಲ್ಲ. ಫೈಲ್ ಕೆಟ್ಟಿದೆ ಎಂದುಕೊಂಡು ಅಳಿಸುವವರೇ ಹೆಚ್ಚು. ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಡಿಟಿಪಿ ಅಂಗಡಿಗಳ ಶ್ರೀಲಿಪಿ ಇವೆಲ್ಲ ಯೂನಿಕೋಡ್ ಹರಡುವ ಮೊದಲು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂರಿಸಿದ್ದವು. ಆಯಾ ಫಾಂಟ್ ಹಾಕಿದ ಕೂಡಲೇ ಪುಟ ಓದಲು ಬರುತ್ತದೆ. ನುಡಿ, ಬರಹದ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿವೆ; ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ತಾಳೆ ನೋಡಿ. ಹಳೆಯ ಪೆಟ್ಟಿಗೆಯಲ್ಲಿ ಫಾಂಟ್‌ಗಳ ಫೋಲ್ಡರ್ ಸಿಕ್ಕರೆ ಅದನ್ನೂ ಜೋಪಾನ ಮಾಡಿ.

ನಕಲಿನಲ್ಲಿ ಓದಲಾಗದ ಸೆಕ್ಟರ್‌ಗಳಿದ್ದರೆ ಯಾವ ಫೈಲ್‌ಗೆ ಏಟು ಬಿದ್ದಿದೆ ಎಂದು ತಿಳಿಯುವ ದಾರಿಯಿದೆ. ನಕಲಿನ ಇನ್ನೊಂದು ಪ್ರತಿ ಮಾಡಿ, ಡಿಡಿರೆಸ್ಕ್ಯೂನ ಫಿಲ್ ಆಯ್ಕೆಯಿಂದ ಆ ಸೆಕ್ಟರ್‌ಗಳಲ್ಲಿ ಮಾತ್ರ ಬೇರೆಲ್ಲೂ ಇರದ ಒಂದು ಪದ ತುಂಬಿಸಿ. ಆಮೇಲೆ ಎಲ್ಲ ಫೈಲ್‌ಗಳಲ್ಲಿ ಆ ಪದ ಹುಡುಕಿದರೆ ಗಾಯಗೊಂಡವುಗಳ ಪಟ್ಟಿ ಸಿಗುತ್ತದೆ. ಕೆಳಭಾಗ ಬೂದುಬಣ್ಣಕ್ಕೆ ತಿರುಗಿದ ಚಿತ್ರಗಳನ್ನು ಒಂದೊಂದಾಗಿ ತೆರೆದು ಹುಡುಕುವ ಪಾಡು ತಪ್ಪುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಸದ್ದಿನ ಡಿಸ್ಕ್ ಬಗ್ಗೆ ತೀರ್ಮಾನಿಸಿ. ಸದ್ದಿಲ್ಲದ ಡಿಸ್ಕ್ 2019ರವರೆಗೂ ಹೊಸದಾಗಿದ್ದರೆ ಲ್ಯಾಬಿಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಹಳೆಯದಾಗಿದ್ದರೆ, ನಡುವಿನ ವರ್ಷಗಳ ಆಲ್ಬಮ್‌ಗಳ ಪಟ್ಟಿ ಮಾಡಿ. ಎಷ್ಟೋ ಗಿರಾಕಿಗಳ ಮನೆಯಲ್ಲಿ ನೀವೇ ಕೊಟ್ಟ ಡಿವಿಡಿ ಇರುತ್ತದೆ. ಅಷ್ಟಾದ ಮೇಲೂ ಬೇಕೆನಿಸಿದರೆ ಬೆಂಗಳೂರಿನ ಲ್ಯಾಬ್‌ಗಳಲ್ಲಿ ವಿಚಾರಿಸಿ. ಡಿಸ್ಕ್ ಬಿಚ್ಚುವ ಮೊದಲು ಲಿಖಿತವಾಗಿ ದರ ಹೇಳುತ್ತಾರೆಯೇ, ತಮ್ಮಲ್ಲೇ ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇದೆಯೇ ಅಥವಾ ಬೇರೆಯವರಿಗೆ ಕಳಿಸುತ್ತಾರೆಯೇ, ಹಣ ತೆಗೆದುಕೊಳ್ಳುವ ಮೊದಲು ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತಾರೆಯೇ, ಸಿಗದಿದ್ದರೆ ಡಿಸ್ಕ್ ಹಾಗೇ ವಾಪಸ್ ಕೊಡುತ್ತಾರೆಯೇ ಎಂದು ಕೇಳಿ. ಸದ್ದಿನ ಡಿಸ್ಕನ್ನು ನಿಮ್ಮೆದುರೇ ಕಂಪ್ಯೂಟರಿಗೆ ಜೋಡಿಸಿ ಸಾಫ್ಟ್‌ವೇರ್ ಓಡಿಸಲು ಹೊರಟವರ ಕೈಯಿಂದ ಅದನ್ನು ತಕ್ಷಣ ವಾಪಸ್ ಪಡೆಯಿರಿ.

‘ಎಕ್ಸಾಮಿನ್’ ಕೊಟ್ಟ ಉತ್ತರವನ್ನು ಹಾಗೇ ಫೋಟೋ ತೆಗೆದು ಕಳಿಸಿದರೆ, ಯಾವ ಡಿಸ್ಕ್ ಹೊಸದು ಎಂದು ಓದಿ ಹೇಳುತ್ತೇನೆ.